ಹಸಿರು ಚೌಕದ ಅತ್ತೆ

ಬೆಕ್ಕಿನ ಇಂಜೆಕ್ಷನ್ ಹಳದಿಯಲ್ಲಿತ್ತು. ಮೊಮ್ಮಗಳ ಚಿತ್ರಕಲೆಯ ತರಗತಿ ಹಳದಿ, ನಲ್ಲಿ ರಿಪೇರಿಯವನು ಬರುವುದೂ ಹಳದಿ. ಅಡುಗೆಮನೆಯ ಗೋಡೆಗೆ ಮಗ ಆಗತಾನೇ ತೂಗುಹಾಕಿದ್ದ ಟ್ಯಾಬ್ಲೆಟ್ಟಿನ ಮುಂದೆ ಊರುಗೋಲು ಹಿಡಿದು ನಿಂತಿದ್ದ ಅತ್ತೆಯ ಕಣ್ಣು ಒಂದು ಚೌಕದ ಮೇಲೆ ನೆಟ್ಟುಹೋಯಿತು. ಗುರುವಾರ ಬೆಳಿಗ್ಗೆ, ‘ಅತ್ತೆ, ಮಂಡಿ’. ಮನೆಯ ವಿಷಯಗಳಲ್ಲಿ ಅದೊಂದು ಮಾತ್ರ ಸೊಸೆಯ ಮೀಟಿಂಗುಗಳ ಹಾಗೆ ಹಸಿರಿನಲ್ಲಿತ್ತು.

“ಇದೇನೋ ಎರಡು ಬಣ್ಣ?”

“ಅದಾ ಅಮ್ಮ? ಅವಳ ಆಫೀಸಿನ ಕ್ಯಾಲೆಂಡರು ಬೇರೆ, ಮನೇದು ಬೇರೆ ಇತ್ತು. ಒಂದನ್ನ ನೋಡಿದ್ರೆ ಇನ್ನೊಂದು ಮರೆತುಹೋಗೋದು. ಎರಡನ್ನೂ ಒಂದೇ ಕಡೆ ಸೇರಿಸಿಬಿಟ್ಟೆ. ಹಳದಿ ಅಂದ್ರೆ ಮನೆ, ಹಸಿರು ಅಂದ್ರೆ ಆಫೀಸು.”

ಮಗ ದೂರದ ಊರುಗಳಿಗೆ ಬಸ್ ಓಡಿಸುವವನು. ಒಂದು ಒಳ್ಳೆಯ ಕೆಲಸ ಮುಗಿಸಿದ ಸಮಾಧಾನದಲ್ಲಿ ಚೀಲ ಹೆಗಲಿಗೇರಿಸಿ ಹೊರಟೇಹೋದ. ಪಾಪ, ತಾನು ಮನೆಯಲ್ಲಿ ಕಿಡಿ ಹಚ್ಚಿಟ್ಟು ಹೋಗುತ್ತಿದ್ದೇನೆ ಎಂದು ಅವನಿಗೇನು ಗೊತ್ತು?

ಅತ್ತೆ ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದವಳು. ಬೀದಿಯವರೆಲ್ಲ ಅವಳನ್ನು ಕತ್ತರಿಯಮ್ಮ ಎನ್ನುತ್ತಿದ್ದರು. ಆ ಹೆಸರು ಕೈಯಲ್ಲಿದ್ದ ಕತ್ತರಿಗೆ ಬಂದದ್ದೋ ನಾಲಿಗೆಗೆ ಬಂದದ್ದೋ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ದಾರದ ಬಣ್ಣ ಒಂದೆಳೆ ಹೆಚ್ಚುಕಡಿಮೆಯಾದರೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ. ಅಂಥವಳಿಗೆ ಈ ಹಸಿರು ಕಾಣದೆ ಹೋದೀತೇ? ಮಂಡಿಯ ಆಪರೇಷನ್ ಆದ ಮೇಲೆ ಪ್ರತಿ ಗುರುವಾರ ಸೊಸೆ ಅವಳನ್ನು ವ್ಯಾಯಾಮ ಮಾಡಿಸುವ ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತಿದ್ದಳು. ಅಂದು ಅತ್ತೆ ಬೇಗ ಎದ್ದು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಾಗಿಲಲ್ಲೇ ಕಾದಿರುತ್ತಿದ್ದಳು. ದಾರಿಯುದ್ದಕ್ಕೂ ಸೊಸೆಯ ಡ್ರೈವಿಂಗಿನಲ್ಲಿ ತಪ್ಪು ಹುಡುಕಿದರೂ ವಾರದಲ್ಲಿ ಅವಳಿಗೆ ಅತಿ ಇಷ್ಟದ ಹೊತ್ತು ಅದೇ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಈಗ ನೋಡಿದರೆ... ಅದು ಆಫೀಸಿನ ಕೆಲಸ! ಮುಗಿಸಿ ಕೈತೊಳೆದುಕೊಳ್ಳುವಂಥದ್ದು!

ರಾತ್ರಿ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

“ಒಂದು ಮಾತು ಕೇಳ್ತೀನಿ. ಈ ಮನೇಲಿ ಬೆಕ್ಕು ಮನೆಯವರು, ನಾನು ಆಫೀಸಿನವಳಾ?”

ಸೊಸೆ ತುತ್ತು ಹಿಡಿದೇ ಕಣ್ಣರಳಿಸಿದಳು. “ಏನು ಅತ್ತೆ ಹಾಗಂದ್ರೆ?”

“ಗೋಡೆ ನೋಡು. ಬೆಕ್ಕಿನ ಸೂಜಿ ಹಳದಿ. ನನ್ನ ಮಂಡಿ ಹಸಿರು. ನಾನು ಹೊರೆ ಅಂತ ಬಾಯಲ್ಲೇ ಹೇಳಬಹುದಿತ್ತು ಕಣೇ, ಬಣ್ಣ ಬಳಿದು ತೋರಿಸೋದೇನಿತ್ತು?”

“ಅಯ್ಯೋ, ಅದು ಹಾಗಲ್ಲ ಅತ್ತೆ. ಅದನ್ನ ಯಾಕೆ ಅಲ್ಲಿ ಹಾಕಿದ್ದು ಅಂದ್ರೆ...”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸೊಸೆಯದು ಲಿಫ್ಟ್ ರಿಪೇರಿ ಮಾಡುವ ಕಂಪನಿ. ಎಲ್ಲಿ ಏನು ಕೆಟ್ಟರೂ ಮೆಕ್ಯಾನಿಕ್ ಕಳಿಸುವುದು ಅವಳ ಹೊಣೆ. ಯಾವುದೋ ಹಳೇ ಕಟ್ಟಡದಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದರು. “ಬಂದು ಹೇಳ್ತೀನಿ ಅತ್ತೆ,” ಎಂದು ಎಂಜಲು ಕೈಯಲ್ಲೇ ಎದ್ದುಹೋದಳು. ಒಂದು ಕರೆ ಮುಗಿದರೆ ಇನ್ನೊಂದು... ಅತ್ತೆ ಕಾದು ಕಾದು, ತಟ್ಟೆ ಮುಚ್ಚಿಟ್ಟು ಮಲಗಿಬಿಟ್ಟಳು. ಬೆಳಗಾದರೆ ಮೊಮ್ಮಗಳು ಶಾಲೆಗೆ, ಸೊಸೆ ಅದೇ ಲಿಫ್ಟಿನ ಹತ್ತಿರಕ್ಕೆ. ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ಬೆಕ್ಕು.

ಮಗಳಿಗೆ ಫೋನ್ ಮಾಡಿದಳು. “ನಿಮ್ಮ ಮನೆಗೆ ಬರ್ತಿದೀನಿ ಕಣೇ.”

“ಬಾ ಅಮ್ಮ. ಬರೋಕೇನಂತೆ... ಎಷ್ಟು ದಿನಕ್ಕೆ?”

‘ಬಂದ ಮೇಲೆ ಹೇಳ್ತೀನಿ’ ಎಂದು ಕತ್ತರಿಯಮ್ಮ ಫೋನ್ ಇಟ್ಟಳು. ಆದರೂ ಆಡಿದ ಮಾತು ಹಿಂತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಎರಡು ಜೊತೆ ಬಟ್ಟೆ, ಮಾತ್ರೆಯ ಡಬ್ಬಿ, ಕತ್ತರಿ, ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಹೊರಡುವ ಮುಂಚೆ ಟ್ಯಾಬ್ಲೆಟ್ಟಿನ ಮುಂದೆ ನಿಂತಳು. ಹಸಿರು ಚೌಕವನ್ನು ಒತ್ತಿದಳು. ಅಳಿಸಲೇ ಎಂದು ಕೇಳಿತು. ಅಳಿಸು... ಇರುವವಳನ್ನೇ ಅಳಿಸಿದ ಮೇಲೆ ಚೌಕದ್ದೇನು! ಕಣ್ಣೀರು ಒರೆಸಿಕೊಂಡು ತಿರುಗುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು ಹಸಿರು ಚೌಕ ಬಂದು ಕುಳಿತಿತು: ‘ಹೊಸ ಕಟ್ಟಡದ ಮಾತುಕತೆ’. ಬೆಕ್ಕಿಗೆ ಹಾಲು ಕಾಯಿಸಿ ಆರಿಸಿ ಇಡುವ ಹೊತ್ತಿಗೆ ಚೀಲದಲ್ಲಿದ್ದ ಫೋನ್ ಬಡಿದುಕೊಂಡಿತು.

“ಅಮ್ಮಾ, ನಾನು ಲಿಫ್ಟ್ ಕಂಪನಿ ಆಫೀಸಿಂದ, ಫೋನ್ ತಗೊಳ್ಳೋ ಹುಡುಗಿ. ಮೇಡಂ ಮನೇದು ಅಂತ ಈ ನಂಬರ್ ಇತ್ತು. ಅವರು ನೆಲಮಾಳಿಗೇಲಿದ್ದಾರೆ, ಸಿಗ್ತಿಲ್ಲ. ಅವರ ಅತ್ತೆ... ಯಾವಾಗ ಹೋದ್ರು?”

“ಎಲ್ಲಿಗೆ?”

“ಗುರುವಾರದ ಚೌಕ ಕಾಣ್ತಿಲ್ಲಮ್ಮ. ಅವರು ಅದನ್ನ ತೆಗೆದಿದ್ದಾರೆ ಅಂದ್ರೆ ಅತ್ತೆ ತೀರಿಹೋಗಿರಬೇಕು ಅಂತ ಇಲ್ಲಿ ಎಲ್ಲರಿಗೂ ಗಾಬರಿ. ಹೂವು ತರೋಕೆ ಒಬ್ಬರು ಹೊರಟೂ ಆಯ್ತು.”

“ತೀರಿಹೋದ ಅತ್ತೆ ನಾನೇ. ಹೇಳು.”

ತಡೆಯಿಲ್ಲದೆ ಸುರಿಯಿತು ಹುಡುಗಿಯ ಮಾತು. “ಮನೇ ಕ್ಯಾಲೆಂಡರಲ್ಲಿ ಹಾಕಿದ್ದು ನಮಗೆ ಕಾಣಲ್ಲಮ್ಮ. ಬಿಡುವಾಗಿದ್ದಾರೆ ಅಂದ್ಕೊಂಡು ಸಾಹೇಬರು ಅದರ ಮೇಲೇ ಮೀಟಿಂಗ್ ಇಟ್ಟುಬಿಡ್ತಾರೆ. ಮೊದಲು ಎರಡು ಸಲ ನಿಮ್ಮ ಚಿಕಿತ್ಸೆ ತಪ್ಪಿದ್ದು ಹಾಗೇ. ಅದಕ್ಕೇ ಎಲ್ಲರಿಗೂ ಕಾಣೋ ಹಾಗೆ ಆಫೀಸಿನದರಲ್ಲೇ ಬರೆದರು. ತೆಗೀರಿ ಅಂತ ಸಾಹೇಬರು ರೇಗಾಡಿದ್ರು. ‘ಬೇಕಾದ್ರೆ ನನ್ನನ್ನೇ ತೆಗೀರಿ ಸರ್, ಅದನ್ನ ಮುಟ್ಟಲ್ಲ’ ಅಂದ್ರು. ಹೋದ ತಿಂಗಳು ಬಡ್ತಿ ತಪ್ಪಿದ್ದು ಇನ್ಯಾಕೆ ಅಂದ್ಕೊಂಡ್ರಿ?”

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತಳು. ಆ ಎರಡು ಸಲವೂ ತಾನು ಸೊಸೆಯನ್ನು ಹಿಗ್ಗಾಮುಗ್ಗಾ ಬೈದದ್ದು ನೆನಪಾಯಿತು. ಗೋಡೆಯನ್ನು ಮತ್ತೆ ನೋಡಿದಳು. ಈಗ ಕಾಣಿಸಿತು... ಒಂದೊಂದು ಹಳದಿ ಚೌಕದ ಮೇಲೂ ಹಸಿರು ಹತ್ತಿ ಕುಳಿತಿತ್ತು. ಚಿತ್ರಕಲೆಯ ತರಗತಿಯ ಮೇಲೆ ಮೀಟಿಂಗು. ಅದರ ಕೆಳಗಿನ ಚೌಕದಲ್ಲಿ ಸೊಸೆ ಬರೆದುಕೊಂಡಿದ್ದ ‘ನನ್ನ ಕಣ್ಣು, ಡಾಕ್ಟರು’. ಹಿಂದಿನ ವಾರವೂ ಅದೇ, ಅದರ ಹಿಂದಿನ ವಾರವೂ ಅದೇ, ಎಲ್ಲದರ ಮೇಲೂ ಹಸಿರು. ಹೌದಲ್ಲ, ಇತ್ತೀಚೆಗೆ ಸೊಸೆ ಸೂಜಿಗೆ ದಾರ ಪೋಣಿಸಿಕೊಡಲು ಪರದಾಡುತ್ತಿದ್ದಳು. ಕೈಲಾಗದವಳು ಎಂದು ತಾನು ಆಡಿಕೊಂಡಿದ್ದಳು.

ಬಾಗಿಲು ಧಡಾರನೆ ತೆರೆಯಿತು. ಸೈಟಿನ ಹೆಲ್ಮೆಟ್ಟನ್ನೂ ತೆಗೆಯದೆ ಸೊಸೆ ಓಡಿಬಂದಿದ್ದಳು. ನೆಲಮಾಳಿಗೆಯಿಂದ ಮೇಲೆ ಬಂದು ಫೋನ್ ನೋಡಿದಾಗ ಗುರುವಾರದ ‘ಅತ್ತೆ, ಮಂಡಿ’ ಮಾಯವಾಗಿತ್ತು.

“ಅತ್ತೆ... ನಿಮಗೆ ಏನೂ...” ಚೀಲ ಕಣ್ಣಿಗೆ ಬಿತ್ತು. ಅತ್ತೆಯ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟಳು. “ನಿನ್ನೆ ನಾನು ಆ ಫೋನ್ ತಗೋಬಾರದಿತ್ತು. ಹೋಗಬೇಡಿ ಅತ್ತೆ.”

“ಮೊದಲು ಹೆಲ್ಮೆಟ್ ತೆಗಿ. ಮನೆ ಒಳಗೆ ತಲೆ ಮೇಲೆ ಏನು ಬೀಳುತ್ತೆ?” ಎಂದಳು ಅತ್ತೆ. ಬಗ್ಗಿ ತಾನೇ ಅದರ ಪಟ್ಟಿ ಬಿಚ್ಚಿದಳು. “ನಿಮ್ಮ ಆಫೀಸಿನ ಹುಡುಗಿ ಎಲ್ಲಾ ಹೇಳಿದ್ಲು. ತಪ್ಪು ನಂದು ಕಣೇ. ಕೇಳಿ ಕತ್ತರಿಸಬೇಕಿತ್ತು, ಕತ್ತರಿಸಿ ಕೇಳಿದೆ.”

ಸೊಸೆ ಅವಳ ಆಪರೇಷನ್ ಆದ ಮಂಡಿಗೇ ಹಣೆಯಿಟ್ಟು ಅತ್ತಳು. ನೋಯುತ್ತಿತ್ತು; ಅತ್ತೆ ಕಾಲು ಕದಲಿಸಲಿಲ್ಲ.

ಆಮೇಲೆ ಗೋಡೆಯತ್ತ ಕೈ ತೋರಿಸಿ ಅತ್ತೆ ಕೇಳಿದಳು, “ಈ ಹೊಸ ಕಟ್ಟಡಾನ ತೆಗೆಯೋದು ಹೇಗೆ?”

ಸೊಸೆ ಮೂಗೊರೆಸಿಕೊಂಡು ಎದ್ದು, ಬರಲಾಗುವುದಿಲ್ಲ ಎಂದು ಒತ್ತಿದಳು. ಗುರುವಾರ ಖಾಲಿಯಾಯಿತು. “ಮತ್ತೆ ‘ಅತ್ತೆ, ಮಂಡಿ’ ಅಂತ ಬರೀತೀನಿ.”

“ಬೇಡ, ಈ ವಾರ ನನ್ನ ಮಂಡಿ ಕಾಯುತ್ತೆ. ಮನೇಲೇ ಕಾಲು ಚಾಚಿ ಮಡಿಸ್ತೀನಿ.” ಅತ್ತೆ ತೋರುಬೆರಳೊಂದರಲ್ಲೇ ಒಂದೊಂದು ಅಕ್ಷರ ಹುಡುಕಿ ಒತ್ತಿದಳು: ‘ಸೊಸೆ, ಕಣ್ಣು’. ಚೌಕ ಹಳದಿಯಾಗಿ ಮೂಡಿತು. “ಇದು ಬೇಡ. ಹಸಿರು ಮಾಡಿಕೊಡು.”

“ಸಾಹೇಬರು ಕೇಳಿದ್ರೆ ಏನು ಹೇಳಲಿ ಅತ್ತೆ?”

“ಅತ್ತೆ ಇನ್ನೂ ಬದುಕಿದ್ದಾಳೆ ಅಂತ ಹೇಳು.”