ಒಂದು ಹಾಳೆಗೆ ಹತ್ತು ಕಾರ್ಡು

ಅವಳು ಮೆಟ್ಟಿಲು ಹತ್ತಿ ಬಂದು ಕೇಳಿದ ಮೊದಲ ಮಾತಿಗೇ ಅವನು ತಬ್ಬಿಬ್ಬಾದ. ತನ್ನ ವಿಸಿಟಿಂಗ್ ಕಾರ್ಡನ್ನು ತಾನೇ ಡಿಸೈನ್ ಮಾಡಿ ತಾನೇ ಪ್ರಿಂಟ್ ಮಾಡಿಕೊಳ್ಳಬೇಕಂತೆ, ಅದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಅವನು ಹೇಳಬೇಕಂತೆ. ಕೇಳುತ್ತಿರುವುದಾದರೂ ಯಾರನ್ನು? ಹನ್ನೆರಡು ವರ್ಷದಿಂದ ಊರಿಗೆಲ್ಲ ಕಾರ್ಡು ಅಚ್ಚು ಹಾಕಿಕೊಟ್ಟೇ ಹೊಟ್ಟೆ ಹೊರೆಯುತ್ತಿರುವವನನ್ನು. ಕ್ಷೌರದಂಗಡಿಗೆ ಹೋಗಿ, ಮನೆಯಲ್ಲೇ ಕೂದಲು ಕತ್ತರಿಸಿಕೊಳ್ಳಲು ಯಾವ ಕತ್ತರಿ ತಗೊಳ್ಳಲಿ ಎಂದ ಹಾಗಾಯಿತು.

ಹಿಂದೆ ಪೇಪರ್ ಕತ್ತರಿಸುತ್ತಿದ್ದ ಅವನ ಅಕ್ಕ ಕಿಸಕ್ಕನೆ ನಕ್ಕಳು.

ಕೇಳಿದವಳಿಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೊಲಿಗೆ ಮೆಷಿನ್ ರಿಪೇರಿ ಅವಳ ಕಸುಬು. ಹತ್ತು ವರ್ಷ ಸೋದರಮಾವನ ಅಂಗಡಿಯಲ್ಲಿ ದುಡಿದಿದ್ದಳು. ಕೆಲಸ ಅವಳದು, ಕಾರ್ಡಿನ ಮೇಲೆ ಹೆಸರು ಮಾವನದು. ಈಗ ಪಕ್ಕದ ಬೀದಿಯಲ್ಲಿ ಸ್ವಂತ ಅಂಗಡಿ, ಇನ್ನು ಒಂದೂವರೆ ತಿಂಗಳಿಗೆ ಬಾಗಿಲು ತೆಗೆಯುವುದಿತ್ತು.

"ಮೊದಲನೇ ಸಲ ನನ್ನ ಹೆಸರು ಅಚ್ಚಾಗ್ತಿದೆ. ಒಂದೊಂದು ಅಕ್ಷರಾನೂ ನಾನೇ ಕೂರಿಸ್ಬೇಕು," ಎಂದಳು. ಹೇಳುವಾಗ ಬೆರಳಿಗಂಟಿದ್ದ ಎಣ್ಣೆಯ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದಳು. ಇಲ್ಲ ಎನ್ನಲು ಅವನಿಗೆ ನಾಲಿಗೆಯೇ ಹೊರಳಲಿಲ್ಲ. ಶನಿವಾರ ಮಧ್ಯಾಹ್ನ ಅಂಗಡಿ ಖಾಲಿ ಇರುತ್ತೆ, ಬನ್ನಿ, ಒಂದೊಂದನ್ನೇ ಟ್ರಯಲ್ ಹಾಕಿ ನೋಡೋಣ ಎಂದುಬಿಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದೆಂದರೆ ಇದೇ ಇರಬೇಕು.

ಮೊದಲ ಶನಿವಾರದ ಸಾಫ್ಟ್‌ವೇರ್‌ನಲ್ಲಿ ಇನ್ನೂರು ರೆಡಿ ಡಿಸೈನ್‌ಗಳಿದ್ದವು, ಇನ್ನೂರರಲ್ಲೂ ಗುಲಾಬಿ ಹೂವು. ಮೆಷಿನ್ ರಿಪೇರಿಗೆ ಬರ್ತಾರೋ ಮದುವೆ ಊಟಕ್ಕೆ ಬರ್ತಾರೋ ಎಂದು ಅವಳು ನಕ್ಕಳು. ಎರಡನೆಯದು ಇಂಟರ್ನೆಟ್ ಇದ್ದರೆ ಮಾತ್ರ ನಡೆಯುವಂಥದು. ಅವಳು ಗಂಟೆಗಟ್ಟಲೆ ಕೂತು ಮಾಡಿದ್ದು ನೆಟ್ ಹೋದ ಒಂದೇ ಕ್ಷಣದಲ್ಲಿ ಮಾಯವಾಯಿತು.

ಮೂರನೆಯದರಲ್ಲಿ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಬಿಳಿ ಹಾಳೆ, ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕದ ಅಳತೆಪಟ್ಟಿ, ಅಷ್ಟೇ. ಅವಳ ಮುಖ ಅರಳಿತು. ಸೂಜಿಗೆ ದಾರ ಪೋಣಿಸುವವಳಂತೆ ಒಂದು ಕಣ್ಣು ಮುಚ್ಚಿ, ಫೋನ್ ನಂಬರನ್ನು ಅರ್ಧ ಮಿಲಿಮೀಟರ್ ಎಡಕ್ಕೆ ಸರಿಸಿದಳು, ಮತ್ತೆ ಕೂದಲೆಳೆಯಷ್ಟು ಬಲಕ್ಕೆ. ಅವನು ಆ ಮುಚ್ಚಿದ ಕಣ್ಣಿನ ರೆಪ್ಪೆಯನ್ನೇ ನೋಡುತ್ತಿದ್ದ.

"ಸ್ಕ್ರೀನ್ ಈ ಕಡೆ ಇದೆ," ಎಂದಳು, ತಿರುಗಿ ನೋಡದೆ.

ಅವನ ಎದೆ ಧಸಕ್ಕೆಂದಿತು. ಸಿಕ್ಕಿಬಿದ್ದಿದ್ದಕ್ಕಲ್ಲ, ಈ ಸಾಫ್ಟ್‌ವೇರ್ ಇಷ್ಟು ಚೆನ್ನಾಗಿದೆಯಲ್ಲ ಎಂದು. ಇದನ್ನು ಕೊಂಡುಕೊಂಡರೆ ಮುಂದಿನ ಶನಿವಾರ ಅವಳು ಯಾಕೆ ಬರುತ್ತಾಳೆ? ಇದರಲ್ಲಿ ಬಣ್ಣ ಮಂಕಾಗಿ ಬರುತ್ತೆ, ಇನ್ನೊಂದು ನೋಡೋಣ ಎಂದು ಹಸಿಹಸಿ ಸುಳ್ಳು ಹೇಳಿದ. ನಾಲ್ಕನೆಯದು ನಿಧಾನ, ಐದನೆಯದು ತೊಡಕು. ಪ್ರತಿ ವಾರ ಅವಳು ಬಂದಳು, ಕೂತಳು, ನಕ್ಕಳು, ಕಾರ್ಡಿಲ್ಲದೆ ಹೋದಳು. "ಕಳ್ಳನಿಗೊಂದು ಪಿಳ್ಳೆ ನೆವ," ಎಂದು ಅಕ್ಕ ಗೋಡೆಗೆ ಹೇಳಿದಳು.

ಅಂಗಡಿ ತೆಗೆಯುವ ಸೋಮವಾರಕ್ಕೆ ಮೂರು ದಿನವಿರುವಾಗ ಅವನು ಆ ಬೀದಿಯಲ್ಲಿ ಹಾದುಹೋದ. ಅವಳು ಯಾರಿಗೋ ಹರಿದ ರಟ್ಟಿನ ತುಂಡಿನ ಮೇಲೆ ಪೆನ್ನಿನಲ್ಲಿ ತನ್ನ ಹೆಸರು, ನಂಬರ್ ಬರೆದುಕೊಡುತ್ತಿದ್ದಳು. ಹತ್ತು ವರ್ಷ ಕಾದ ಹೆಸರು ತನ್ನಿಂದಾಗಿ ರಟ್ಟಿನ ಮೇಲೆ ಬಂತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಶನಿವಾರ ಅವಳು ಕೂರುವ ಮೊದಲೇ ಹೇಳಿದ. "ಮೂರನೇದೇ ಸರಿಯಾದದ್ದು. ಬಣ್ಣ ಮಂಕಾಗುತ್ತೆ ಅಂದಿದ್ದು ಸುಳ್ಳು. ಅದು ಸಿಕ್ಕಿಬಿಟ್ರೆ ನೀವು ಬರೋದು ನಿಲ್ಲಿಸ್ತೀರಲ್ಲ ಅಂತ."

ಅವಳು ನಗಲೂ ಇಲ್ಲ, ಸಿಡುಕಲೂ ಇಲ್ಲ. ಸ್ಟೂಲು ಎಳೆದುಕೊಂಡು ಕೂತು, ಮೂರನೆಯದನ್ನೇ ತೆರೆದು, ದಪ್ಪ ಪೇಪರ್ ಕೊಡಿ ಎಂದಳು. ಅರ್ಧ ಗಂಟೆ ಅವನಿಗೆ ಸ್ಕ್ರೀನ್ ನೋಡಲು ಬಿಡಲಿಲ್ಲ. ಒಂದು ಹಾಳೆಗೆ ಹತ್ತು ಕಾರ್ಡು: ಎಡಸಾಲಿನಲ್ಲಿ ಐದು ಅವಳವು. ಬಲಸಾಲು ದಂಡವಾಗಬಾರದೆಂದು ಅವನ ಹೆಸರಿನ ಐದು ಕಾರ್ಡು ಕೂರಿಸಿದ್ದಳು. ಮುಂಬದಿಗೆ ಹೆಸರು, ಹಿಂಬದಿಗೆ ಫೋನ್ ನಂಬರು. ಮುಂಬದಿ ಅಚ್ಚಾದ ಮೇಲೆ ಹಾಳೆಯನ್ನು ತಾನೇ ಮಗುಚಿ ಪ್ರಿಂಟರ್‌ಗೆ ಹಾಕಿದಳು.

ಬಿಸಿ ಹಾಳೆಯನ್ನು ತಿರುಗಿಸಿ ನೋಡಿದ ಅವನಿಗೆ ಅಯ್ಯೋ ಎನಿಸಿತು. ಅವಳ ಹೆಸರಿನ ಹಿಂದೆ ಅವನ ನಂಬರು, ಅವನ ಹೆಸರಿನ ಹಿಂದೆ ಅವಳದು. ಹೊಸಬರೆಲ್ಲ ಮಾಡುವ ತಪ್ಪೇ ಇದು, ಹಾಳೆ ಮಗುಚಿದರೆ ಎಡಸಾಲು ಬಲಕ್ಕೆ ಹೋಗುತ್ತೆ, ಹಿಂಬದಿಯಲ್ಲಿ ಸಾಲು ಅದಲುಬದಲು ಮಾಡಿಡಬೇಕು ಎಂದು ಅವಳಿಗೆ ನೋವಾಗದ ಹಾಗೆ ಮೆಲ್ಲಗೆ ವಿವರಿಸತೊಡಗಿದ.

"ಹತ್ತು ವರ್ಷದಿಂದ ರಿಪೇರಿ ಮಾಡಿದ ಮೆಷಿನ್‌ನಲ್ಲಿ ಹೊಲಿದು ಬಟ್ಟೆಯ ಒಳಮೈ ಹೊರಮೈ ನೋಡ್ತಿರೋಳು ನಾನು," ಎಂದಳು ಅವಳು. "ಮಗುಚಿದ್ರೆ ಯಾವುದರ ಬೆನ್ನಿಗೆ ಯಾವುದು ಬರುತ್ತೆ ಅಂತ ನಂಗೆ ಗೊತ್ತಿಲ್ವಾ?"

ಹಿಂದೆ ಕಟಿಂಗ್ ಮೆಷಿನ್‌ನ ಸದ್ದು ನಿಂತಿತು.

ಅವನ ಕಿವಿ ಬಿಸಿಯಾಯಿತು. ಹಾಳೆಯನ್ನು ಇನ್ನೊಮ್ಮೆ ತಿರುಗಿಸಿದ, ಮತ್ತೊಮ್ಮೆ ತಿರುಗಿಸಿದ. ಇಷ್ಟು ಸಂತೋಷವನ್ನು ಎಲ್ಲಿಡುವುದೆಂದು ತಿಳಿಯದೆ, "ಹಾಗಾದ್ರೆ ನಿಮ್ಮ ಗಿರಾಕಿಗಳೆಲ್ಲ ನಂಗೆ ಫೋನ್ ಮಾಡ್ತಾರೆ," ಎಂದ. "ನಾನೇನು ಹೇಳ್ಲಿ?"

"ನಮ್ಮನೆಯವಳು ಮೆಷಿನ್ ಬಿಚ್ಕೊಂಡು ಕೂತಿದ್ದಾಳೆ, ಸ್ವಲ್ಪ ಹೊತ್ತು ಬಿಟ್ಟು ಮಾಡಿ ಅನ್ನಿ."

ಅಕ್ಕ ಎದ್ದು ಬಂದು ಅವನ ಕೈಯಿಂದ ಹಾಳೆ ತೆಗೆದುಕೊಂಡಳು.

"ಗಿರಾಕಿಗಳಿಗೆ ಸರಿಯಾದ್ದು ಆಮೇಲೆ ಮಾಡ್ಕೊಳ್ಳಿ," ಎಂದಳು. "ಇದ್ರಲ್ಲಿ ಒಂದು ಕಾರ್ಡು ನಂಗೆ ಬೇಕು. ಅಮ್ಮನಿಗೆ ತೋರಿಸ್ಬೇಕು."