ಇವರಿಬ್ಬರೂ ಒಬ್ಬರೇನಾ?

ನನ್ನ ಗಂಡ ಮನೆಯಲ್ಲೇ ಸರ್ವರ್ ಕಟ್ಟಿದಾಗ ಅದಕ್ಕೆ ‘ಸವತಿ’ ಎಂದು ಹೆಸರಿಟ್ಟವಳು ನಾನೇ. ಉಗ್ರಾಣದಲ್ಲಿದ್ದ ಆ ಕಪ್ಪು ಪೆಟ್ಟಿಗೆಗೆ ಮನೆಯ ಫೋಟೋ, ವಿಡಿಯೋಗಳನ್ನೆಲ್ಲ ತುಂಬಿ, ಅದರ ನೆತ್ತಿ ಸವರುತ್ತ ಕೂರುತ್ತಿದ್ದರು. ನನಗೆ ತಲೆನೋವು ಬಂದಾಗಲೂ ಅಷ್ಟು ಸವರಿದವರಲ್ಲ. ಅವರ ಕೈಗೆ ಅದು ಬೆಚ್ಚಗಿರುತ್ತಿತ್ತಂತೆ. ನನ್ನ ಕೈಗೆ ಮಾತ್ರ ತಣ್ಣಗೆ. ನಾನು ಹತ್ತಿರ ಹೋದರೆ ಅದರ ಗುಂಯ್‌ಗುಟ್ಟುವ ಸದ್ದು ಗಕ್ಕನೆ ನಿಲ್ಲುತ್ತಿತ್ತು, ಚಾಡಿ ಹೇಳುತ್ತಿದ್ದವರು ಬಾಯಿ ಮುಚ್ಚಿದ ಹಾಗೆ.

ಮುಖ ಗುರುತಿಸಿ ಫೋಟೋಗಳನ್ನು ಗುಂಪು ಮಾಡುವುದೂ ಅದಕ್ಕೆ ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ನನ್ನನ್ನೇ ಎರಡು ಗುಂಪು ಮಾಡಿ, ಫೋನಿನ ಪರದೆಯಲ್ಲಿ ‘ಇವರಿಬ್ಬರೂ ಒಬ್ಬರೇನಾ?’ ಎಂದು ಕೇಳಿತು.

“ಹೌದು ಅಂತ ಒತ್ತು. ಎರಡೂ ನೀನೇ ತಾನೆ?” ಎಂದರು ಇವರು.

ಎರಡನೇ ಗುಂಪನ್ನು ತೆರೆದೆ. ನಮ್ಮದೇ ಅಡುಗೆಮನೆ, ನನ್ನದೇ ಹಸಿರು ಸ್ವೆಟರ್. ಆದರೆ ನನ್ನದಕ್ಕೆ ಕೊಂಡಾಗಲೇ ಇಲ್ಲದಿದ್ದ ಮೇಲಿನ ಗುಂಡಿ ಅವಳ ಸ್ವೆಟರಿಗಿತ್ತು. ಪ್ರತಿ ಫೋಟೋದಲ್ಲೂ ಕ್ಯಾಮೆರಾ ಹಿಡಿದವರನ್ನೇ ನೋಡಿ ನಗುತ್ತಿದ್ದಳು.

“ಇವನ್ನೆಲ್ಲ ಯಾವಾಗ ತೆಗೆದ್ರಿ?”

“ತೆಗೀರಿ ತೆಗೀರಿ ಅಂತ ಪ್ರಾಣ ತಿಂದವಳು ನೀನೇ ಅಲ್ವೇನೇ!”

ನಾನು ಯಾವತ್ತೂ ಹಾಗೆ ಕೇಳಿದವಳಲ್ಲ. ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. ‘ಅಲ್ಲ, ಬೇರೆ ಬೇರೆ’ ಎಂದು ಒತ್ತಿ ಎದ್ದು ಹೋದೆ.

ಮರುದಿನ ನೋಡಿದರೆ ಅವಳ ಗುಂಪಿನ ಕೆಳಗೆ ಇವರು ‘ನನ್ನ ಹೆಂಡತಿ’ ಎಂದು ಬರೆದಿದ್ದರು. ನನ್ನ ಗುಂಪಿನ ಕೆಳಗೆ ‘ಇವರು ಯಾರು?’ ಎಂಬ ಪ್ರಶ್ನೆ ಈಗಲೂ ಹಾಗೇ ಇದೆ.