ಬಾಗಿಲಿಂದ ಬೇವಿನವರೆಗೆ

ಮಾದರಿಯನ್ನು ಯಾರೂ ಒಡೆದಿರಲಿಲ್ಲ. ತಿದ್ದಿದ್ದರು.

ಹತರಾದ ನಮ್ಮ ಅಧ್ಯಕ್ಷರಿಗೆ, ಅವರು ಗುಂಡೇಟು ತಿಂದ, ರಾಜಧಾನಿ ವಾಗಡುಗುವಿನ ಆ ಅಂಗಳದಲ್ಲೇ ಸ್ಮಾರಕ ಏಳಬೇಕಿತ್ತು. ವಾಸ್ತುಶಿಲ್ಪಿ ನಿಕಿಯೆಮಾ ಅಂಗಳದ ಬಾಗಿಲು, ಬೇವಿನ ಮರ ಸಮೇತ ಮಂಚದಷ್ಟು ದೊಡ್ಡ ಮಣ್ಣಿನ ಮಾದರಿ ಮಾಡಿದ್ದ. ಅದರ ಗುಮ್ಮಟದಲ್ಲೊಂದು ಕಿಂಡಿ. ಪ್ರತಿ ವರ್ಷ ಅವರು ಸತ್ತ ದಿನ, ಸತ್ತ ಹೊತ್ತಿಗೆ ಬಿಸಿಲು ಅದರೊಳಗಿಂದ ಇಳಿದು ಅವರು ಬಿದ್ದ ಜಾಗವನ್ನು ಮುಟ್ಟಬೇಕು. ಆ ದಿನವೇ ಬಂದಿತ್ತು. ಬೆಳಿಗ್ಗೆ ನೋಡಿದರೆ ಕಿಂಡಿ ಮುಚ್ಚಿದೆ, ಎರಡು ಗೇಣು ಆಚೆ ಹೊಸದೊಂದು ತೆರೆದಿದೆ. ಕೋಣೆಗೆ ಹಾಕಿದ ಬೀಗ ಮಾತ್ರ ಹಾಗೇ ಇತ್ತು.

"ಸ್ಪರ್ಧೇಲಿ ಸೋತ ಹೊಟ್ಟೆಕಿಚ್ಚು! ದೆರ್ಮೆಯದೇ ಕೆಲಸ!" ಎಂದು ನಿಕಿಯೆಮಾ ಕೂಗಾಡಿದ. ಕಂಚು ಎರಕದ ದೆರ್ಮೆಯನ್ನು ಪೊಲೀಸರು ಆಗಲೇ ಹಿಡಿದು ಕೂರಿಸಿದ್ದರು.

ನಿವೃತ್ತ ಪತ್ತೇದಾರಿ ರಾಸ್ಮಾತಾ ಕಾಫಾಂಡೊ ಮುಚ್ಚಿದ ಕಿಂಡಿಯ ಮೇಲೆ ಬೆರಳಾಡಿಸಿದರು. ಅದು ನುಣ್ಣಗೆ ಮಿನುಗುತ್ತಿತ್ತು. ಇಪ್ಪತ್ತು ವರ್ಷ ಅವರ ಜೀಪು ಓಡಿಸಿದವನು ನಾನು. ಅವರು ಮೊಸ್ಸಿ ಕುಲ, ನಾನು ಸಾಮೋ ಕುಲ. ಒಬ್ಬರನ್ನೊಬ್ಬರು ಹಂಗಿಸುವುದು ನಮಗೆ ಅಜ್ಜಂದಿರು ಬಿಟ್ಟುಹೋದ ಹಕ್ಕು.

"ಏನಮ್ಮಾ, ಮೊಸ್ಸಿ ತಲೆಗೆ ಏನಾದ್ರೂ ಹೊಳೀತಾ?"

"ನಾಯಿ ತಿನ್ನೋ ಸಾಮೋ, ಬಾಯ್ಮುಚ್ಕೊಂಡು ನೀರು ಕೊಡು."

ಬಾಗಿಲ ಬಳಿಯ ಕರಿ ಗಡಿಗೆಯಿಂದ ಮೊಗೆದುಕೊಟ್ಟೆ. ಗಡಿಗೆಯ ಹೊಳೆಯುವ ಮೈಯಲ್ಲಿ ನನ್ನ ಮುಖವೇ ಕಾಣುತ್ತಿತ್ತು.

"ಯಾರು ಮಾಡಿದ್ದು ಇದನ್ನ?" ಎಂದು ಕಾಫಾಂಡೊ ಗಡಿಗೆ ತೋರಿಸಿ ಕೇಳಿದರು.

"ನಾನೇ ತಾಯಿ," ಎಂದಳು ಕಸ ಗುಡಿಸುವ ಮುದುಕಿ ಪೋಕೊ. "ಕಲ್ಲಲ್ಲಿ ಉಜ್ಜಿದ್ರೆ ಹಂಗೆ ಬರುತ್ತೆ."

ಅಧ್ಯಕ್ಷರು ಸತ್ತ ಹೊತ್ತು ಸಮೀಪಿಸಿದಾಗ ಕಾಫಾಂಡೊ ಮಾದರಿಯನ್ನು ಅಂಗಳಕ್ಕೆ ತರಿಸಿ ಎಲ್ಲರನ್ನೂ ಸುತ್ತ ನಿಲ್ಲಿಸಿದರು.

"ಹೊಟ್ಟೆಕಿಚ್ಚಿನವನು ಒಡೀತಾನೆ, ತೇಪೆ ಹಾಕಿ ಉಜ್ಜುತ್ತಾ ಕೂರಲ್ಲ. ಮುಚ್ಚಿದ ಜಾಗದ ಹೊಳಪೂ ಗಡಿಗೆಯ ಹೊಳಪೂ ಒಂದೇ ಕೈಯದು. ಬೀಗದ ಕೈ ಇರೋದು ಇಬ್ಬರ ಹತ್ರ, ನಿಕಿಯೆಮಾ ಮತ್ತು ಪೋಕೊ. ಯಾಕೆ ಅಂತ ನೀವೇ ಹೇಳಿ ಅಜ್ಜಿ."

ಪೋಕೊ ಪೊರಕೆ ಕೆಳಗಿಟ್ಟಳು. "ಆವತ್ತು ಇಲ್ಲೇ ಲೋಟ ತೊಳೀತಿದ್ದೆ. ಅಧ್ಯಕ್ಷರು ಬಾಗಿಲಲ್ಲೇ ಬಿದ್ರು ಅಂತಾರೆ ಎಲ್ರೂ. ಸುಳ್ಳು. ಬಂದೂಕಿನೋರು ಬಂದಾಗ 'ಅವರಿಗೆ ಬೇಕಾಗಿರೋದು ನಾನು, ನೀವು ಒಳಗೇ ಇರಿ' ಅಂತ ಜೊತೆಯವರಿಗೆ ಅಂದ್ರು. ಕೈ ಎತ್ಕೊಂಡು ಒಬ್ರೇ ಬೇವಿನ ಮರದವರೆಗೂ ನಡೆದ್ರು. ಕಂಡಿದ್ದನ್ನ ಹೇಳಿದೋರು ಯಾರೂ ಆಮೇಲೆ ಮನೆಗೆ ಬರಲಿಲ್ಲ ತಾಯಿ. ಅದಕ್ಕೇ ಬಾಯಿ ಬಿಡಲಿಲ್ಲ. ಆದ್ರೆ ಬೆಳಕು ತಪ್ಪಾದ ಜಾಗದಲ್ಲಿ ಬೀಳಬಾರದು ಅನ್ನಿಸ್ತು."

ಅಷ್ಟರಲ್ಲಿ ಹೊಸ ಕಿಂಡಿಯಿಂದ ಬಿಸಿಲು ಇಳಿಯಿತು. ಮಾದರಿಯ ಬಾಗಿಲನ್ನು ದಾಟಿ, ಪುಟ್ಟ ಬೇವಿನ ಬುಡದಲ್ಲಿ ನಾಣ್ಯದಂತೆ ನಿಂತಿತು.

"ತೊಗಟೆ ಕೆತ್ತು," ಎಂದರು ಕಾಫಾಂಡೊ. ಅಂಗಳದ ಬೇವಿಗೆ ನಾನೇ ಉಳಿ ಹಿಡಿದೆ. ಬೆಳೆದ ಮರ ತನ್ನೊಳಗೆ ನುಂಗಿಕೊಂಡಿದ್ದ ಐದು ಗುಂಡುಗಳು ಒಂದೊಂದಾಗಿ ಸಿಕ್ಕವು.

ಪೊಲೀಸರು ದೆರ್ಮೆಯನ್ನು ಬಿಟ್ಟರು; ಅವನು ಟೋಪಿ ತೆಗೆದ. ನಿಕಿಯೆಮಾ ಚಪ್ಪಲಿ ಕಳಚಿ, ಬಾಗಿಲಿಂದ ಬೇವಿನವರೆಗೆ ಎಣಿಸುತ್ತಾ ನಡೆದ.

"ಹದಿನೇಳು ಹೆಜ್ಜೆ," ಎಂದ. "ಗುಮ್ಮಟ ಬೇಡ. ಈ ದಾರಿಯೊಂದು ಸಾಕು."

ಅವನ ಹಿಂದೆ ನಾವೂ ನಡೆದೆವು, ಬರಿಗಾಲಲ್ಲಿ, ಒಬ್ಬೊಬ್ಬರಾಗಿ.